ಕುಲವನ್ನು ಕೇಳಿದ ಸಭೆ
(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಸಾಹಿತ್ಯ, ಪುರಾಣ, ಇತಿಹಾಸಗಳಲ್ಲಿ ಮನುಷ್ಯನ ಸದ್ಗುಣಗಳೂ ಸಮಾಜದ ತೊಡಕುಗಳೂ ಪ್ರತಿಬಿಂಬಿತವಾಗಿರುತ್ತವೆಂಬ ಮಾತನ್ನು ಒಪ್ಪದವರು ಈ ಸಭೆಯಲ್ಲಿ ಇರಲಾರರು. ಒಪ್ಪುವುದು ಸುಲಭ, ಅದರಿಂದ ನಮಗೆ ಯಾವ ವೆಚ್ಚವೂ ಇಲ್ಲ. ಆದುದರಿಂದ ಆ ವಿಶಾಲವಾದ ವಿಷಯವನ್ನು ಬದಿಗಿರಿಸಿ, ಒಂದೇ ಒಂದು ಪ್ರಶ್ನೆಯನ್ನು ಹಿಡಿದು ನಾಲ್ಕು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇವೆ. ನಿನ್ನ ಕುಲವಾವುದು? ಇದೇ ಆ ಪ್ರಶ್ನೆ. ಅದನ್ನು ಹಸ್ತಿನಾವತಿಯ ರಂಗಭೂಮಿಯಲ್ಲಿ ಒಮ್ಮೆ ಕೇಳಲಾಯಿತು. 1856ನೆಯ ಇಸವಿಯಲ್ಲಿ ಧಾರವಾಡದ ಸರಕಾರಿ ಶಾಲೆಯ ಬಾಗಿಲಲ್ಲಿ ಮತ್ತೊಮ್ಮೆ ಕೇಳಲಾಯಿತು. ಮೊದಲನೆಯದನ್ನು ನಾವೆಲ್ಲರೂ ಬಲ್ಲೆವು. ಎರಡನೆಯದನ್ನು ಬಲ್ಲವರು ಕಡಿಮೆ.

ರಂಗಭೂಮಿಯ ಪ್ರಸಂಗವನ್ನು ಮೂಲಭಾರತದಲ್ಲಿ ಓದಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಅರ್ಜುನನು ತೋರಿದ ವಿದ್ಯೆಯನ್ನೆಲ್ಲ ಕರ್ಣನು ಅಲ್ಲಿಯೇ ತೋರಿಸಿದನು. ವಿದ್ಯೆಯ ಪರೀಕ್ಷೆ ಅಲ್ಲಿಗೆ ಮುಗಿಯಬೇಕಾಗಿದ್ದಿತು. ಆಗ ಕೃಪಾಚಾರ್ಯನು ಎದ್ದು, ನಿನ್ನ ತಾಯಿತಂದೆಗಳಾರು, ನಿನ್ನ ವಂಶವಾವುದು, ಅದನ್ನು ಹೇಳಿದ ಮೇಲೆ ದ್ವಂದ್ವಯುದ್ಧವೆಂದನು. ಕರ್ಣನು ತಲೆ ತಗ್ಗಿಸಿದನು. ಕೇಳಿದವನಾದರೂ ಎಂತಹವನು? ಜೊಂಡಿನ ಪೊದೆಯಲ್ಲಿ ಹುಟ್ಟಿದವನು! ಅವನ ಭಾವನಾದ ದ್ರೋಣನು ಕಲಶದಲ್ಲಿ ಹುಟ್ಟಿದವನು. ದುರ್ಯೋಧನನು ಇದನ್ನು ಆ ಸಭೆಯಲ್ಲಿಯೇ ಎತ್ತಿ ಆಡುತ್ತಾನೆ. ಪಾಂಡವರ ಜನನವೂ ತನಗೆ ಗೊತ್ತೆಂದು ಚುಚ್ಚುತ್ತಾನೆ. ವ್ಯಾಸರು ಈ ಮಾತನ್ನು ಖಳನಾಯಕನ ಬಾಯಿಯಲ್ಲಿ ಇರಿಸಿರುವುದು ವಿಚಾರಾರ್ಹವಾಗಿದೆ. ಸಜ್ಜನರೆಲ್ಲರೂ ಸುಮ್ಮನಿದ್ದ ಸಭೆಯಲ್ಲಿ ನಿಜವನ್ನಾಡಲು ದುರ್ಜನನೇ ಬೇಕಾಯಿತು.

ಅವನು ಮಾಡಿದುದೇನು? ಅರಸುಮಗನೊಡನೆ ಅರಸನೇ ಕಾದಬೇಕೆಂಬ ನಿಯಮವನ್ನು ಮುಟ್ಟಲಿಲ್ಲ. ಕರ್ಣನಿಗೆ ಅಂಗರಾಜ್ಯವನ್ನು ಕಟ್ಟಿ, ಒಬ್ಬನನ್ನು ಮಾತ್ರ ಆ ನಿಯಮದ ಮೇಲಕ್ಕೆ ಎತ್ತಿದನು. ಇದು ಔದಾರ್ಯವೇ ಸರಿ, ನ್ಯಾಯವೆನ್ನಲಾಗದು. ನ್ಯಾಯವಾಗಿದ್ದರೆ ಕರ್ಣನು ಸಾಯುವವರೆಗೆ ಅದರ ಋಣವನ್ನು ಹೊರಬೇಕಾಗಿರಲಿಲ್ಲ. ಅಭಿಷೇಕದ ನೀರು ಆರುವ ಮೊದಲೇ ಮುದುಕನಾದ ಅಧಿರಥನು ಬೆವರುತ್ತ, ನಡುಗುತ್ತ ಬಂದನು. ಕರ್ಣನು ಒದ್ದೆ ತಲೆಯನ್ನು ಅವನ ಪಾದಗಳಿಗೆ ಬಾಗಿಸಿದನು. ಚಾವಟಿಗೆಯನ್ನು ಹಿಡಿಯೆಂದು ಭೀಮನು ನಕ್ಕನು. ರಾಜ್ಯವು ಬಂದರೂ ಪ್ರಶ್ನೆಯು ಹೋಗಲಿಲ್ಲ.

ನಮ್ಮ ಪಂಪನು 941ರಲ್ಲಿ ‘ವಿಕ್ರಮಾರ್ಜುನವಿಜಯ’ವನ್ನು ಬರೆದಾಗ, ಆಶ್ರಯದಾತನಾದ ಅರಿಕೇಸರಿಯನ್ನೇ ಅರ್ಜುನನನ್ನಾಗಿ ನಿಲ್ಲಿಸಿದ್ದನು. ಅರ್ಜುನನ ವೈರಿಯನ್ನು ಹಿರಿದಾಗಿಸುವುದು ಅಂತಹ ಕವಿಗೆ ಲಾಭದ ಕಾರ್ಯವಾಗಿರಲಿಲ್ಲ. ಆದರೂ ಭೀಷ್ಮನಿಗೆ ಸೇನಾಪತಿಯ ಪಟ್ಟವನ್ನು ಕಟ್ಟುವ ಸಂದರ್ಭದಲ್ಲಿ ದ್ರೋಣನು ಕುಲವನ್ನೆತ್ತಿ ಕರ್ಣನನ್ನು ಜರೆದಾಗ, ಕವಿಯು ಕರ್ಣನನ್ನು ಮೂಕನನ್ನಾಗಿ ಬಿಡಲಿಲ್ಲ. ಹುಟ್ಟು ಕುಲವಲ್ಲ, ಛಲವೂ ಗುಣವೂ ಅಭಿಮಾನವೂ ಪರಾಕ್ರಮವೂ ಕುಲವೆಂಬ ಅರ್ಥದ ಉತ್ತರವನ್ನು ಅವನಿಂದ ಕೊಡಿಸಿದನು. ರಂಗಭೂಮಿಯಲ್ಲಿ ತಗ್ಗಿದ ತಲೆಯನ್ನು ಪಂಪನು ಇಲ್ಲಿ ಎತ್ತಿಸಿದನೆಂದು ನಾವು ಭಾವಿಸುತ್ತೇವೆ. ಬ್ರಾಹ್ಮಣಕುಲದಲ್ಲಿ ಹುಟ್ಟಿ ಜೈನಧರ್ಮವನ್ನು ಸ್ವೀಕರಿಸಿದ ತಂದೆಯ ಮಗನಿಗೆ, ಹುಟ್ಟು ಬೇರೆ ಆಯ್ಕೆ ಬೇರೆಯೆಂಬುದು ಮನೆಯ ಪಾಠವೇ ಆಗಿದ್ದಿರಬೇಕು.

ಕರ್ಣಕಥೆಯನ್ನು ಕೊಂಡಾಡುವಾಗ ನಾವು ಮರೆಯುವ ಸಂಗತಿಗಳೂ ಉಂಟು. ಕರ್ಣನು ನಿಜವಾಗಿ ಸೂತನಲ್ಲ. ಸೂರ್ಯನ ಮಗನು, ಕುಂತಿಯ ಚೊಚ್ಚಲು. ಅವನ ಹಿರಿಮೆಗೆ ಕಥೆಯು ಒಂದು ಹಿರಿಯ ಹುಟ್ಟನ್ನೇ ಗುಟ್ಟಾಗಿ ಕಾರಣ ಮಾಡಿಟ್ಟಿದೆ. ನಮ್ಮ ಕಣ್ಣೀರು ಅನ್ಯಾಯಕ್ಕೊಳಗಾದ ಸೂತನಿಗಾಗಿ ಹರಿಯುತ್ತದೆಯೋ, ಗುರುತು ಸಿಗದೆ ಹೋದ ರಾಜಕುಮಾರನಿಗಾಗಿ ಹರಿಯುತ್ತದೆಯೋ? ನಿಜವಾದ ಸೂತನು ಅಧಿರಥನು. ಅವನಿಗಾಗಿ ಅತ್ತವರನ್ನು ನಾವು ಕಂಡಿಲ್ಲ. ಕರ್ಣನು ಮಾತ್ರ ಅವನನ್ನು ಮರೆಯಲಿಲ್ಲ. ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿ ರಾಜ್ಯವನ್ನು ಮುಂದೊಡ್ಡಿದಾಗ, ಸಾಕಿದ ಅಧಿರಥನೂ ಎದೆಹಾಲನ್ನೂಡಿದ ರಾಧೆಯೂ ತನ್ನ ತಂದೆತಾಯಿಗಳೆಂದು ನಿರಾಕರಿಸಿದನು. ಯುದ್ಧದ ವರ್ಣನೆಗಳಿಗಿಂತ ಈ ನಿರಾಕರಣೆಯೇ ನಮಗೆ ದೊಡ್ಡದಾಗಿ ತೋರುತ್ತದೆ. ಅದೇ ಕರ್ಣನು ಕರ್ಣಪರ್ವದಲ್ಲಿ, ಶಲ್ಯನ ಮೇಲಣ ಸಿಟ್ಟಿನಿಂದ, ಮದ್ರದೇಶದವರನ್ನೆಲ್ಲ ಹುಟ್ಟಾ ಹೀನರೆಂದು ಬಯ್ಯುತ್ತಾನೆ. ನೊಂದವನೇ ತನಗೆ ಬಿದ್ದ ಪೆಟ್ಟನ್ನು ಇನ್ನೊಬ್ಬನಿಗೆ ದಾಟಿಸುತ್ತಾನೆ. ವ್ಯಾಸರು ಯಾರನ್ನೂ ಶುದ್ಧರನ್ನಾಗಿ ಬಿಟ್ಟಿಲ್ಲ.

ಇನ್ನು ಧಾರವಾಡಕ್ಕೆ ಬರೋಣ. 1856ರ ಜೂನ್ ತಿಂಗಳಿನಲ್ಲಿ ಒಬ್ಬ ಮಹಾರ ಬಾಲಕನ ಪರವಾಗಿ ಮುಂಬಯಿ ಸರಕಾರಕ್ಕೆ ಅರ್ಜಿ ಹೋಯಿತು. ಸರಕಾರಿ ಶಾಲೆಯಲ್ಲಿ ಅವನಿಗೆ ಪ್ರವೇಶವನ್ನು ನಿರಾಕರಿಸಲಾಗಿತ್ತು. ಸರಕಾರದ ಉತ್ತರವು ಓದತಕ್ಕದ್ದು. ತತ್ತ್ವದ ದೃಷ್ಟಿಯಿಂದ ನ್ಯಾಯವು ಹುಡುಗನ ಕಡೆಗಿದೆಯೆಂದು ಅದು ಒಪ್ಪಿಕೊಂಡಿತು. ಆದರೆ ಬಹುಕಾಲದ ಪೂರ್ವಗ್ರಹವನ್ನು ಒಬ್ಬನಿಗಾಗಿ ಒಮ್ಮೆಲೇ ಮುರಿಯಹೋದರೆ, ಉಳಿದ ಬಹುಜನರಿಗೆ ಶಾಲೆಯೇ ನಿರುಪಯೋಗಿಯಾದೀತೆಂದು ಕೈತೊಳೆದುಕೊಂಡಿತು. ಆ ಟಿಪ್ಪಣಿಯನ್ನು ಬರೆದವರಿಗೆ ಕೃಪಾಚಾರ್ಯನ ಪರಿಚಯವಿತ್ತೋ ಇಲ್ಲವೋ! ಈ ಬಾಲಕನಿಗೆ ಅಂಗರಾಜ್ಯವನ್ನು ಕೊಡುವ ಗೆಳೆಯನಿರಲಿಲ್ಲ; ಆಕಾಶದಲ್ಲಿ ಸೂರ್ಯನಂತಹ ತಂದೆಯೂ ಇರಲಿಲ್ಲ. ಅವನು ಬೇಡಿದ್ದು ಅಕ್ಷರವನ್ನು.

1858ರಲ್ಲಿ ವಿಲಾಯತಿಯ ಕಂಪನಿಯ ನಿರ್ದೇಶಕ ಮಂಡಲಿಯು, ಸರಕಾರದ ವೆಚ್ಚದಿಂದ ನಡೆಯುವ ವಿದ್ಯಾಲಯಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವೆಂದು ಬರೆಯಿತು. ದುರ್ಯೋಧನನು ಮಾಡದೆ ಬಿಟ್ಟ ಕಾರ್ಯವು ಇದೇ: ಒಬ್ಬನಿಗೆ ದಾನವನ್ನು ಕೊಡದೆ ಎಲ್ಲರಿಗೂ ಹಕ್ಕನ್ನು ಹೇಳುವುದು. ಕಾಗದದ ಮೇಲೆ ಹೇಳಿದಷ್ಟು ಬೇಗನೆ ಬಾಗಿಲು ತೆರೆಯಲಿಲ್ಲ. 1882ರ ಶಿಕ್ಷಣ ಆಯೋಗವು ತತ್ತ್ವವನ್ನು ಎತ್ತಿಹಿಡಿಯುತ್ತಲೇ ಎಚ್ಚರಿಕೆಯಿಂದ ನಡೆಯಿರೆಂದಿತು, ಪ್ರತ್ಯೇಕ ಶಾಲೆಗಳ ದಾರಿಯನ್ನೂ ತೋರಿಸಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರಂತಹವರು ಬೇರೆ ಶಾಲೆಗಳನ್ನೇ ಕಟ್ಟಿ ನಡೆಸಬೇಕಾಯಿತು. ಅಸ್ಪೃಶ್ಯತೆಯ ಆಚರಣೆಯನ್ನು ನಿಷೇಧಿಸುವ 17ನೆಯ ವಿಧಿಯು ಸಂವಿಧಾನದೊಡನೆ 1950ರಲ್ಲಿ ಜಾರಿಗೆ ಬಂದಿತು. ಆ ಬಾಲಕನು ಬಾಗಿಲಲ್ಲಿ ನಿಂತ ಮೇಲೆ ತೊಂಬತ್ತನಾಲ್ಕು ವರ್ಷಗಳು ಕಳೆದಿದ್ದವು.

ಉಪಾಧ್ಯಾಯ ಬಂಧುಗಳೇ, ಕರ್ಣನ ಪಾಠವನ್ನು ತಾವು ಮಕ್ಕಳಿಗೆ ಹೇಳುವಿರಿ. ಅದರ ಜೊತೆಗೆ ಧಾರವಾಡದ ಈ ಅರ್ಜಿಯನ್ನೂ ಹೇಳಿರೆಂದು ನಮ್ಮ ಅರಿಕೆ. ಇನ್ನೊಂದು ಸಣ್ಣ ಮಾತು. ವಿದ್ಯಾರ್ಥಿವೇತನದ ಅರ್ಜಿಗಾಗಿ ಮಗುವಿನ ಜಾತಿಯನ್ನು ತಾವು ಕೇಳಬೇಕಾಗುತ್ತದೆ. ಕೇಳುವುದು ಆ ಮಗುವಿನ ಹಕ್ಕಿಗಾಗಿಯೇ; ಅದರಲ್ಲಿ ತಪ್ಪಿಲ್ಲ. ತುಂಬಿದ ತರಗತಿಯ ನಡುವೆ ಹೆಸರು ಕೂಗಿ, ಎದ್ದು ನಿಲ್ಲಿಸಿ ಕೇಳಬಹುದು. ತಂದೆತಾಯಿಗಳನ್ನು ಕರೆಸಿ, ಬೇರೆಯಾಗಿ ಕುಳಿತು ಬರೆದುಕೊಳ್ಳಲೂಬಹುದು. ಎರಡನೆಯದಕ್ಕೆ ಕಾಲು ಗಂಟೆ ಹೆಚ್ಚು ಹಿಡಿದೀತು. ಆ ಕಾಲು ಗಂಟೆಯನ್ನು ತಾವು ಕೊಡಬೇಕೆಂದು ಬೇಡುತ್ತೇವೆ.