ಸಾಮ್ರಾಜ್ಯದಾಸೆಯೂ ನಮ್ಮ ಮೂರು ಬಂದರುಗಳೂ
(ಕುಮಟೆಯಲ್ಲಿ ಮಾಡಿದ ಭಾಷಣ)



ರಣಭೇರಿ ಮೊಳಗಿದಂದೇ ಯುದ್ಧವು ಹುಟ್ಟುವುದೆಂದು ಜನರು ಭಾವಿಸುತ್ತಾರೆ. ಆದರೆ ಸಾಮ್ರಾಜ್ಯದಾಸೆ ಹೊತ್ತ ರಾಷ್ಟ್ರವು ಪರನಾಡಿನೊಡನೆ ಮಾಡುವ ಮೊದಲನೆಯ ಕರಾರಿನಲ್ಲಿಯೇ ಯುದ್ಧದ ಬೀಜವು ಅಡಗಿರುತ್ತದೆ. ಇದನ್ನರಿಯಲು ನಾವು ಯುರೋಪದ ಇತಿಹಾಸವನ್ನು ತಿರುವಿಹಾಕಬೇಕಾಗಿಲ್ಲ; ನಮ್ಮ ಬಂದರುಗಳ ಕಥೆಯೇ ಸಾಕು.

ಪೋರ್ತುಗೀಜರಿಗೆ ಮೆಣಸಷ್ಟೇ ಬೇಕಾಗಿದ್ದರೆ, ಅರಬರಂತೆ ಅವರೂ ಬಂದು, ಸುಂಕ ತೆತ್ತು, ಸರಕು ಕೊಂಡು ಹೋಗಬಹುದಾಗಿತ್ತು. ಆದರೆ ಅವರ ದೊರೆ ಮ್ಯಾನ್ಯುಯೆಲನು ತಾನೆಂದೂ ಕಾಣದ ಅರಬಸ್ಥಾನ, ಇರಾನ, ಹಿಂದುಸ್ಥಾನಗಳ ವಿಜಯಕ್ಕೂ ನೌಕಾಯಾನಕ್ಕೂ ವ್ಯಾಪಾರಕ್ಕೂ ಒಡೆಯನೆಂಬ ಬಿರುದನ್ನು ಧರಿಸಿದನು. ಆ ಬಿರುದೇ ಅವರ ಪರರಾಷ್ಟ್ರನೀತಿಯಾಯಿತು. ಅವರ ರಹದಾರಿಯಿಲ್ಲದೆ ನಮ್ಮ ಹಡಗು ನಮ್ಮ ಕಡಲಿನಲ್ಲಿಯೇ ತೇಲಕೂಡದೆಂದಾಯಿತು.

೧೫೦೨ರಲ್ಲಿ ವಾಸ್ಕೋ ಡ ಗಾಮನು ಭಟ್ಕಳದ ಮೇಲೆರಗಿ ಕರಾರು ಬರೆಸಿಕೊಂಡನು: ಅಕ್ಕಿಯ ಕಪ್ಪ ಸಲ್ಲಬೇಕು, ಮೆಣಸಿನ ವ್ಯಾಪಾರ ನಿಲ್ಲಬೇಕು, ತುರ್ಕರ ಹಡಗು ಬರಕೂಡದು, ಕಲ್ಲಿಕೋಟೆಯೊಡನೆ ಸಂಪರ್ಕವಿರಕೂಡದು. ಕೊರಳ ಮೇಲೆ ಕತ್ತಿಯಿಟ್ಟು ಪಡೆದ ಸಮ್ಮತಿಯನ್ನು ಯಾವ ನ್ಯಾಯಾಸನವೂ ಸಮ್ಮತಿಯೆನ್ನದು. ಆದರೆ ಅದೇ ಕಪ್ಪವನ್ನು ಭಟ್ಕಳದ ರಾಣಿಯು ನಿರಾಕರಿಸಿದಾಗ, ೧೫೪೨ರಲ್ಲಿ ಮಾರ್ಟಿಂ ಅಫೊನ್ಸೊ ಡ ಸೋಜನು ಪಟ್ಟಣವನ್ನು ಸುಟ್ಟು ತೆಂಗಿನ ಮರಗಳನ್ನು ಕಡಿಸಿದನು. ನಲವತ್ತು ವರ್ಷ ಮೊದಲು ಬಿತ್ತಿದ ಬೀಜವದು.

ಪರರ ಆಸೆಯನ್ನು ಹಳಿದು ಸುಮ್ಮನಾಗುವುದು ಸುಲಭ. ಆ ಆಸೆಗೆ ಹಾದಿ ಮಾಡಿಕೊಟ್ಟವರಾರು? ೧೫೦೫ರಲ್ಲಿ ಅಲ್ಮೇದನು ಹೊನ್ನಾವರದ ಹಡಗುಗಳನ್ನು ಸುಟ್ಟನು. ಐದೇ ವರ್ಷಗಳ ತರುವಾಯ ಹೊನ್ನಾವರದ ನೌಕಾನಾಯಕನಾದ ತಿಮ್ಮಯ್ಯನೇ ಗೋವೆಯನ್ನು ಹಿಡಿಯಿರೆಂದು ಆಲ್ಬುಕರ್ಕನಿಗೆ ಆಲೋಚನೆ ಹೇಳಿ ನೆರವಾದನು. ಬಿಜಾಪುರವನ್ನು ತಗ್ಗಿಸುವೆವೆಂದು ಅವನೆಣಿಸಿರಬಹುದು. ಗೋವೆಯ ಸುತ್ತಣ ಭೂಮಿಯ ಆಡಳಿತವು ಕೆಲಕಾಲ ಅವನ ಕೈಯಲ್ಲಿದ್ದು, ಬೇಗನೆ ಜಾರಿಹೋಯಿತು; ಗೋವೆಯು ಮಾತ್ರ ೧೯೬೧ರವರೆಗೆ ಪೋರ್ತುಗೀಜರಲ್ಲಿಯೇ ಉಳಿಯಿತು.

ವಿಜಯನಗರದಂಥ ಸಾಮ್ರಾಜ್ಯವೂ ಈ ಮೋಹಕ್ಕೆ ಹೊರತಾಗಲಿಲ್ಲ. ೧೫೪೭ರ ಒಪ್ಪಂದದಂತೆ ಗೋವೆಯ ಕುದುರೆಗಳು ವಿಜಯನಗರಕ್ಕೇ ಮೀಸಲು, ಬಿಜಾಪುರಕ್ಕೆ ಒಂದೂ ಇಲ್ಲ. ಪ್ರತಿಯಾಗಿ ವಿಜಯನಗರದ ಕಬ್ಬಿಣ, ಪೆಟ್ಲುಪ್ಪುಗಳು ಬಿಜಾಪುರಕ್ಕೆ ಹೋಗದೆ ಪೋರ್ತುಗೀಜರಿಗೆ ಸಲ್ಲಬೇಕು. ನೆರೆಯವನ ಮೇಲಣ ಹಗೆಯನ್ನು ಪರಕೀಯನು ಬಂಡವಾಳ ಮಾಡಿಕೊಂಡನು. ೧೫೬೫ರಲ್ಲಿ ವಿಜಯನಗರವು ಮುರಿದುಬಿದ್ದಿತು. ೧೫೬೯ರಲ್ಲಿ ಅದೇ ಪೋರ್ತುಗೀಜರು ಹೊನ್ನಾವರದ ಕೋಟೆಯನ್ನು ಹಿಡಿದರು. ಮೆಣಸಿನ ರಾಣಿಯೆಂದು ಅವರೇ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯು ಅವರನ್ನು ಎದುರಿಸಿದಾಗ, ಅವಳ ಬೆನ್ನಿಗೆ ನಿಲ್ಲುವ ವಿಜಯನಗರವು ಉಳಿದಿರಲಿಲ್ಲ.

ಇಂಗ್ಲಿಷರ ನಡೆಯೂ ಬೇರೆಯಲ್ಲ. ೧೭೮೩ರಲ್ಲಿ ಜನರಲ್ ಮ್ಯಾಥ್ಯೂಸನು ಹೊನ್ನಾವರವನ್ನು ಹಿಡಿದನು. ೧೭೮೪ರಲ್ಲಿ ಮಂಗಳೂರಿನಲ್ಲಿ ಟಿಪ್ಪುವಿನೊಡನೆ ಶಾಂತಿಯ ಒಪ್ಪಂದವಾಯಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಈ ಕರಾವಳಿಯೆಲ್ಲ ಕಂಪನಿಯ ಪಾಲಾಯಿತು. ಆ ಶಾಂತಿಯು ಮುಂದಿನ ಯುದ್ಧಕ್ಕೆ ದೊರೆತ ಬಿಡುವಷ್ಟೇ.

ಸಾಮ್ರಾಜ್ಯವು ಗೆದ್ದ ಮೇಲೆ ಒಡೆಯುತ್ತದೆ. ಅಮೇರಿಕದ ಒಳಯುದ್ಧದಿಂದ ಲ್ಯಾಂಕಾಶಾಯರದ ಗಿರಣಿಗಳಿಗೆ ಹತ್ತಿಯ ಬರ ಬಂದಿತು. ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಈ ಕುಮಟೆಯಿಂದಲೇ ಹಡಗೇರುತ್ತಿತ್ತು; ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರು. ಆ ಹತ್ತಿಯ ದಾರಿಯೂ ಬಂದರೂ ತಮ್ಮ ಇಲಾಖೆಗೆ ಸೇರಬೇಕೆಂದು ಮುಂಬಯಿಯ ವರ್ತಕರು ಒತ್ತಾಯಪಡಿಸಿದರು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಡಿದು ಮುಂಬಯಿಗೆ ಜೋಡಿಸಲಾಯಿತು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಹತ್ತಿಯ ಲೆಕ್ಕದಲ್ಲಿ ಎಳೆದ ಆ ಗೆರೆಯನ್ನು ಅಳಿಸಲು ೧೯೫೬ರ ನವೆಂಬರ್ ೧ರವರೆಗೆ ಕಾಯಬೇಕಾಯಿತು.

ಬಂಧುಗಳೇ, ಏಕೀಕರಣವೆಂದರೆ ಬರಿಯ ಭಾಷಾಭಿಮಾನವಲ್ಲವೆಂಬುದನ್ನು ಈ ಇತಿಹಾಸವು ಸಾರುತ್ತದೆ. ಒಡೆದ ಮನೆಯ ಬಾಗಿಲನ್ನೇ ಸಾಮ್ರಾಜ್ಯವು ಮೊದಲು ತಟ್ಟುತ್ತದೆ. ಬಲಿಷ್ಠನೊಬ್ಬನು ನೆರೆಯವನಿಗೆ ಕೊಡದುದನ್ನು ನಿನಗೆ ಕೊಡುವೆನೆಂದರೆ, ಅದರ ಬೆಲೆಯನ್ನು ನಾವು ಮೊದಲೇ ಕೇಳಿಕೊಳ್ಳಬೇಕು. ಸ್ವತಂತ್ರರಾದ ನಾವು ಆ ಆಸೆಯನ್ನು ನಮ್ಮೊಳಗೂ ಬೆಳೆಯಗೊಡಬಾರದು. ಬೆಂದ ಭಟ್ಕಳದ ಬೂದಿಯನ್ನು ಬಲ್ಲ ಜನರು ಇನ್ನೊಬ್ಬರ ಊರಿಗೆ ಕಿಚ್ಚಿಡಲಾರರು.

ಜಯ ಕರ್ನಾಟಕ! ವಂದೇ ಮಾತರಂ!