ಎಲ್ಲರ ಪಾಸ್‌ವರ್ಡ್ ಗೊತ್ತಿರೋ ಒಂಟಿ ಹುಡುಗ: ‘ಮಿಸ್ಟರ್ ರೋಬಾಟ್’ ಯಾಕೆ ನೋಡ್ಬೇಕು?

‘ಒಳ್ಳೆ ಸೀರೀಸ್ ಇದ್ರೆ ಹೇಳಿ’ ಅಂತ ಯಾರಾದ್ರೂ ಕೇಳಿದಾಗ ನನ್ನ ಬಾಯಿಗೆ ಮೊದಲು ಬರೋ ಹೆಸರು ‘ಮಿಸ್ಟರ್ ರೋಬಾಟ್’. ಹೆಸರು ಕೇಳಿದ ತಕ್ಷಣ ಅರ್ಧ ಜನ ‘ಅಯ್ಯೋ, ರೋಬೋ ಕಥೆನಾ? ಬೇಡಪ್ಪ’ ಅಂತಾರೆ. ಇದರಲ್ಲಿ ರೋಬೋ ಇಲ್ಲ. ನ್ಯೂಯಾರ್ಕ್‌ನ ಒಂದು ಹಳೇ ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ ಇರೋ ಎಲಿಯಟ್ ಅನ್ನೋ ಹುಡುಗ ಇದ್ದಾನೆ. ಹಗಲು ಸೈಬರ್ ಸೆಕ್ಯುರಿಟಿ ಕಂಪನಿಯಲ್ಲಿ ಇಂಜಿನಿಯರ್, ರಾತ್ರಿ ಹ್ಯಾಕರ್.

ಅಮೆರಿಕದ ಯುಎಸ್‌ಎ ನೆಟ್‌ವರ್ಕ್ ಚಾನೆಲ್‌ನಲ್ಲಿ 2015ರ ಜೂನ್‌ನಲ್ಲಿ ಶುರುವಾದ ಇದು 2019ರ ಡಿಸೆಂಬರ್‌ನಲ್ಲಿ ಮುಗೀತು. ನಾಲ್ಕು ಸೀಸನ್, ಒಟ್ಟು 45 ಎಪಿಸೋಡ್. ಸೃಷ್ಟಿಸಿದವರು ಸ್ಯಾಮ್ ಎಸ್ಮೇಲ್. ಎಲಿಯಟ್ ಪಾತ್ರದಲ್ಲಿ ರಾಮಿ ಮಾಲೆಕ್. ಹೌದು, ಆಮೇಲೆ ಫ್ರೆಡ್ಡಿ ಮರ್ಕ್ಯುರಿ ಪಾತ್ರಕ್ಕೆ ಆಸ್ಕರ್ ತಗೊಂಡ್ರಲ್ಲ, ಅವರೇ. ಅದಕ್ಕೂ ಮುಂಚೆ, 2016ರಲ್ಲಿ, ಈ ಪಾತ್ರಕ್ಕೆ ಎಮ್ಮಿ ಬಂದಿತ್ತು.

ಮೊದಲ ಎಪಿಸೋಡ್‌ನಲ್ಲೇ ಒಂದು ದೃಶ್ಯ ಇದೆ. ಎಲಿಯಟ್‌ನ ಕೌನ್ಸೆಲರ್ ಕ್ರಿಸ್ಟಾ. ಆಕೆ ಜೊತೆ ಓಡಾಡ್ತಿರೋ ಗಂಡಸಿನ ಮೇಲೆ ಇವನಿಗೆ ಅನುಮಾನ. ರಸ್ತೆಯಲ್ಲಿ ಅವನ ಹತ್ರ ಹೋಗಿ, ‘ಅಮ್ಮನಿಗೆ ಫೋನ್ ಮಾಡ್ಬೇಕು, ಸ್ವಲ್ಪ ಮೊಬೈಲ್ ಕೊಡ್ತೀರಾ’ ಅಂತ ಕೇಳಿ, ತನ್ನ ನಂಬರ್‌ಗೆ ತಾನೇ ಕಾಲ್ ಮಾಡ್ಕೋತಾನೆ. ನಂಬರ್ ಸಿಕ್ತು. ಆಮೇಲೆ ಬ್ಯಾಂಕ್‌ನವನ ಥರ ಫೋನ್ ಮಾಡ್ತಾನೆ. ನಿಮ್ಮ ಅಕೌಂಟಿಗೆ ತೊಂದರೆ ಆಗಿದೆ, ವೆರಿಫೈ ಮಾಡ್ಬೇಕು, ಇಷ್ಟದ ತಂಡ ಯಾವುದು, ಸಾಕಿದ ನಾಯಿ ಹೆಸರೇನು? ಆ ಮನುಷ್ಯ ಒಂದೊಂದಾಗಿ ಎಲ್ಲ ಹೇಳಿಬಿಡ್ತಾನೆ! ಕೆವೈಸಿ ಅಪ್‌ಡೇಟ್ ಅಂತ ನಮಗೆ ಬರೋ ಕಾಲ್‌ಗಳು ನೆನಪಾಗಲ್ವಾ? ಇನ್ನು ಕ್ರಿಸ್ಟಾಳ ಪಾಸ್‌ವರ್ಡ್ ಹಿಡಿಯೋಕೆ ಅವನಿಗೆ ಬೇಕಾಗಿದ್ದು ಆಕೆಯ ಇಷ್ಟದ ಗಾಯಕನ ಹೆಸರು ಮತ್ತು ಉಲ್ಟಾ ಬರೆದ ಹುಟ್ಟಿದ ವರ್ಷ, ಅಷ್ಟೇ.

ನಮ್ಮ ಸಿನಿಮಾಗಳಲ್ಲಿ ಹ್ಯಾಕಿಂಗ್ ಅಂದ್ರೆ ಹೀರೋ ಪಟಪಟ ಕೀಬೋರ್ಡ್ ಕುಟ್ಟಿದ ಕೂಡಲೇ ಹಸಿರು ಅಕ್ಷರ ಸುರಿಯುತ್ತೆ. ಇಲ್ಲಿ ಹಾಗಿಲ್ಲ. ಸ್ಕ್ರೀನ್ ಮೇಲೆ ಕಾಣೋ ಕಮಾಂಡ್‌ಗಳು ನಿಜವಾದವು, ಬಳಸೋ ಟೂಲ್‌ಗಳು ನಿಜವಾದವು. ಸೈಬರ್ ಸೆಕ್ಯುರಿಟಿಯಲ್ಲಿ ಕೆಲಸ ಮಾಡಿದ್ದ ಕೋರ್ ಅಡಾನಾ ಅನ್ನೋರು ಬರಹಗಾರರ ತಂಡದಲ್ಲೇ ಇದ್ರು. ಐಟಿಯಲ್ಲಿರೋ ಗೆಳೆಯರು ಪಾಸ್ ಮಾಡಿ ಮಾಡಿ ನೋಡೋದನ್ನ ನಾನೇ ಕಂಡಿದ್ದೀನಿ.

ಆದರೆ ನಾನು ಇದನ್ನ ಶಿಫಾರಸು ಮಾಡೋದು ಹ್ಯಾಕಿಂಗ್‌ಗಾಗಿ ಅಲ್ಲ.

ಎಲಿಯಟ್‌ಗೆ ಎಲ್ಲರ ಇ-ಮೇಲ್ ಗೊತ್ತು, ಬ್ಯಾಂಕ್ ಲೆಕ್ಕ ಗೊತ್ತು, ಗುಟ್ಟು ಗೊತ್ತು. ಎದುರಿಗೆ ನಿಂತ ಮನುಷ್ಯನ ಹತ್ರ ಎರಡು ಮಾತಾಡೋಕೆ ಮಾತ್ರ ಬರಲ್ಲ. ಗೆಳತಿ ಪಾರ್ಟಿಗೆ ಕರೆದ್ರೆ ಬಾಗಿಲ ತನಕ ಹೋಗಿ ವಾಪಸ್ ಬರ್ತಾನೆ. ಅವನು ಮಾತಾಡೋದು ನಮ್ಮ ಹತ್ರ. ಅವನ ತಲೆಯೊಳಗಿನ ಒಬ್ಬ ಕಾಲ್ಪನಿಕ ‘ಫ್ರೆಂಡ್’ ಇದ್ದಾನೆ, ಆ ಫ್ರೆಂಡ್ ನೋಡ್ತಾ ಕೂತ ನಾವೇ. ಕ್ಯಾಮೆರಾ ಕೂಡ ಅದನ್ನೇ ಹೇಳುತ್ತೆ. ಮುಖವನ್ನ ಫ್ರೇಮ್‌ನ ಕೆಳಗಿನ ಮೂಲೆಗೆ ತಳ್ಳಿ, ತಲೆ ಮೇಲೆ ಇಷ್ಟಗಲ ಖಾಲಿ ಜಾಗ ಬಿಟ್ಟಿರ್ತಾರೆ. ಮೊದಲೆರಡು ಎಪಿಸೋಡ್ ಯಾಕೋ ಉಸಿರು ಕಟ್ಟಿದ ಹಾಗೆ ಆಗುತ್ತೆ, ಕಾರಣ ಗೊತ್ತಾಗಲ್ಲ. ಕಾರಣ ಇದು.

ಒಂದನೇ ಸೀಸನ್ನಿನಲ್ಲಿ, ಒಂದು ದೊಡ್ಡ ಡೇಟಾ ಸಂಗ್ರಹದ ಕಟ್ಟಡದೊಳಗೆ ಎಲಿಯಟ್ ನುಗ್ಗಬೇಕು. ಅಲ್ಲಿರೋ ಬ್ಯಾಕಪ್ ಟೇಪ್‌ಗಳನ್ನ ಬಿಸಿ ಏರಿಸಿ ಹಾಳು ಮಾಡೋಕೆ ಅಂಗೈಯಷ್ಟು ಕಂಪ್ಯೂಟರ್ ಒಂದನ್ನ ಒಳಗೆ ಇಡಬೇಕು. ದಾರಿಗೆ ಅಡ್ಡ ಇರೋನು ಬಿಲ್ ಅನ್ನೋ ಪಾಪದ ನೌಕರ. ಎಲಿಯಟ್ ಅವನ ಮುಖಕ್ಕೆ ಹೇಳ್ತಾನೆ: ನಿನ್ನನ್ನ ಯಾರೂ ಲೆಕ್ಕಕ್ಕೆ ಇಟ್ಟಿಲ್ಲ, ನೀನು ಇಲ್ಲದಿದ್ರೂ ಯಾರಿಗೂ ಗೊತ್ತಾಗಲ್ಲ. ಬಿಲ್ ಕುಗ್ಗಿಹೋಗ್ತಾನೆ. ಆ ಮಾತು ಅಷ್ಟು ಸರಿಯಾಗಿ ನಾಟೋಕೆ ಕಾರಣ, ಎಲಿಯಟ್ ತನ್ನ ಬಗ್ಗೆ ತಾನು ಅಂದುಕೊಂಡಿರೋದೂ ಅದನ್ನೇ. ಇಡೀ ಸೀರೀಸಿನ ಅತ್ಯಂತ ಕ್ರೂರ ಹ್ಯಾಕ್ ಅದು. ಕಂಪ್ಯೂಟರ್ ಮುಟ್ಟೋದಕ್ಕೂ ಮೊದಲೇ ಆಗಿಹೋಗಿರುತ್ತೆ.

ನನ್ನ ಒಬ್ಬ ಗೆಳೆಯ, ಹೆಸರು ಬೇಡ. ಬೆಂಗಳೂರಲ್ಲಿ ಐಟಿ ಕೆಲಸ, ಮನೆಯಿಂದಲೇ. ನಮ್ಮ ಗುಂಪಿನಲ್ಲಿ ಯಾರ ಲ್ಯಾಪ್‌ಟಾಪ್ ಕೆಟ್ಟರೂ ಅವನೇ ಸರಿ ಮಾಡ್ತಿದ್ದ. ‘ಸಿಗೋಣ ಬಾರೋ’ ಅಂದ್ರೆ ಮಾತ್ರ ‘ಮುಂದಿನ ವಾರ ನೋಡೋಣ ಮಗಾ’. ಆ ಮುಂದಿನ ವಾರ ಒಂದು ವರ್ಷ ಬರಲೇ ಇಲ್ಲ. ಟೆಕ್ನಿಕಲ್ ಸೀರೀಸ್, ನಿನಗೆ ಹಿಡಿಸುತ್ತೆ ಅಂತ ಹೇಳಿ ಇದನ್ನ ನೋಡೋಕೆ ಹಚ್ಚಿದೆ. ಎರಡು ದಿನ ಬಿಟ್ಟು ರಾತ್ರಿ ಒಂದು ಗಂಟೆಗೆ ಫೋನ್. ಎಲಿಯಟ್ ತನ್ನ ರೂಮಿನ ಮೂಲೆಯಲ್ಲಿ ಮುದುಡಿ ಕೂತು ಅಳೋ ದೃಶ್ಯ ಇದೆಯಲ್ಲ, ಅದರ ಬಗ್ಗೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನೂ ಹಂಗೇ ಕೂತ್ಕೋತೀನಿ ಕಣೋ’ ಅಂದ. ಬೆಳಗ್ಗೆ ಎದ್ದವನೇ ಅವನ ಮನೆಗೆ ಹೋದೆ. ಈಗ ಅವನು ಕೌನ್ಸೆಲಿಂಗ್‌ಗೆ ಹೋಗ್ತಿದ್ದಾನೆ. ಸೀರೀಸ್ ಅವನನ್ನ ಸರಿ ಮಾಡ್ತು ಅಂತ ನಾನು ಹೇಳಲ್ಲ. ಅವನ ಬಾಯಲ್ಲಿ ಆ ಒಂದು ವಾಕ್ಯ ಬರೋ ಹಾಗೆ ಮಾಡ್ತು.

‘ಆಪ್ತಮಿತ್ರ’ದ ಡಾಕ್ಟರ್ ವಿಜಯ್ ಬಂದು ಕ್ಲೈಮ್ಯಾಕ್ಸ್‌ನಲ್ಲಿ ಎಲ್ಲ ಬಗೆಹರಿಸೋದನ್ನ ನೋಡಿ ಬೆಳೆದವರು ನಾವು. ಇಲ್ಲಿ ಕ್ರಿಸ್ಟಾಗೆ ಆ ಅನುಕೂಲ ಇಲ್ಲ. ಎಲಿಯಟ್ ಆಕೆಗೆ ಸುಳ್ಳು ಹೇಳ್ತಾನೆ, ಮುಖ್ಯವಾದದ್ದನ್ನ ಮುಚ್ಚಿಡ್ತಾನೆ, ಆಕೆಯನ್ನೇ ಹ್ಯಾಕ್ ಮಾಡ್ತಾನೆ. ಆದರೂ ಆಕೆ ಕೇಳ್ತಾನೇ ಇರ್ತಾಳೆ. ಆ ಮಾತುಕತೆ ಒಂದು ಕಡೆ ಮುಟ್ಟೋದು ನಾಲ್ಕನೇ ಸೀಸನ್ನಿನ ಏಳನೇ ಎಪಿಸೋಡ್‌ನಲ್ಲಿ. ಒಂದು ಮನೆ, ಮೂರ್ನಾಲ್ಕು ಜನ, ನಾಟಕದ ಥರ ಐದು ಅಂಕ. ಏನಾಗುತ್ತೆ ಅಂತ ಹೇಳಿದ್ರೆ ನೀವು ನನ್ನ ಬೈತೀರ.

ಕಥೆಯ ಇನ್ನೊಂದು ಎಳೆ ದುಡ್ಡಿನದು. ಇ ಕಾರ್ಪ್ ಅನ್ನೋ ದೈತ್ಯ ಕಂಪನಿಯ ಲೆಕ್ಕಪತ್ರ ಅಳಿಸಿದ್ರೆ ಜನರ ಸಾಲವೂ ಅಳಿಸಿಹೋಗುತ್ತೆ ಅಂತ ಎಲಿಯಟ್‌ನ ಗುಂಪಿನ ನಂಬಿಕೆ. ಕೇಳೋಕೆ ಕ್ರಾಂತಿ ಥರಾನೇ ಇದೆ. ಎರಡನೇ ಸೀಸನ್‌ಗೆ ಬಂದ್ರೆ ಊರಲ್ಲಿ ನಗದು ಇಲ್ಲ, ಒದ್ದಾಡ್ತಿರೋರು ಸಾಮಾನ್ಯ ಜನ. ಆ ಸೀಸನ್ 2016ರ ಸೆಪ್ಟೆಂಬರ್‌ನಲ್ಲಿ ಮುಗೀತು. ನವೆಂಬರ್‌ನಲ್ಲಿ ನಾವು ಎಟಿಎಂ ಮುಂದೆ ಕ್ಯೂ ನಿಂತಿದ್ವಿ. ಕಾರಣ ಬೇರೆ, ಆದರೆ ಆ ದೃಶ್ಯಗಳು ನಮಗೆ ಅಪರಿಚಿತ ಅಲ್ಲ.

ಎರಡನೇ ಸೀಸನ್ ನಿಧಾನ, ಒಪ್ಪಿದೆ. ಬಹಳ ಜನ ಅಲ್ಲೇ ಕೈಬಿಡ್ತಾರೆ. ದಯವಿಟ್ಟು ಬಿಡಬೇಡಿ. ಆ ನಿಧಾನಕ್ಕೆ ಒಂದು ಕಾರಣ ಇದೆ, ಅರ್ಧ ದಾಟಿದ ಮೇಲೆ ಗೊತ್ತಾಗುತ್ತೆ. ಮೂರನೇ ಸೀಸನ್ನಿನ ಐದನೇ ಎಪಿಸೋಡ್ ಪೂರ್ತಿ ಒಂದೇ ಶಾಟ್ ಅನ್ನಿಸೋ ಹಾಗೆ ತೆಗೆದಿದ್ದಾರೆ. ನಾಲ್ಕನೇ ಸೀಸನ್ನಿನ ಐದನೆಯದರಲ್ಲಿ ಹೆಚ್ಚುಕಮ್ಮಿ ಮಾತೇ ಇಲ್ಲ. ಅಲ್ಲಿಗೆ ತಲುಪಿದವರು ನನಗೆ ಥ್ಯಾಂಕ್ಸ್ ಹೇಳಿದ್ದಾರೆ.

ಒಂದು ಎಚ್ಚರಿಕೆ ಹೇಳಲೇಬೇಕು. ಮಕ್ಕಳ ಜೊತೆ ಕೂತು ನೋಡೋ ಸೀರೀಸ್ ಇದಲ್ಲ. ಡ್ರಗ್ಸ್ ಇದೆ, ಆತ್ಮಹತ್ಯೆಯ ಮಾತಿದೆ, ಮಕ್ಕಳ ಮೇಲಿನ ದೌರ್ಜನ್ಯದ ವಿಷಯ ಇದೆ. ಮನಸ್ಸು ಈಗಾಗಲೇ ಕುಗ್ಗಿದ್ರೆ ಒಬ್ಬರೇ ನೋಡಬೇಡಿ, ಬೇಕಾದ್ರೆ ಈಗ ನೋಡೋದೇ ಬೇಡ. ಯಾರ ಹತ್ರ ಹೇಳೋದು ಅಂತ ತೋಚದಿದ್ರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು. ಇದಕ್ಕೆ ಮ್ಯಾಕ್ ಕ್ವೇಲ್ ಮಾಡಿರೋ ಸಂಗೀತ ಮೊಬೈಲ್ ಸ್ಪೀಕರ್‌ನಲ್ಲಿ ಸತ್ತುಹೋಗುತ್ತೆ, ಹೆಡ್‌ಫೋನ್ ಹಾಕ್ಕೊಳ್ಳಿ. ಮೊದಲ ಎಪಿಸೋಡ್‌ನ ಹೆಸರೇ ‘ಹಲೋ ಫ್ರೆಂಡ್’. ಯೂಟ್ಯೂಬ್‌ನಲ್ಲಿ ಕಥೆಯ ವಿವರಣೆ ಮೊದಲೇ ನೋಡ್ಬೇಡಿ. ನೋಡಿ ಮುಗಿಸಿದವರು ನನಗೆ ಬರೀರಿ, ಆ ಏಳನೇ ಎಪಿಸೋಡ್ ಬಗ್ಗೆ ಮಾತಾಡೋಕೆ ನನಗೂ ಜನ ಬೇಕು. ಮುಂದಿನ ವಾರ ಸಿಗೋಣ.