ಕತ್ತಲೆಕಾನಿನ ಮರ



ನಮ್ಮ ಮಲೆನಾಡಿನಲ್ಲಿ ಕಾನು ಎಂದರೆ ನಿತ್ಯಹಸುರಿನ ದಟ್ಟ ಕಾಡು. ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನಲ್ಲಿ ಕತ್ತಲೆಕಾನು ಎಂಬ ಕಾಡಿದೆ. ಅದರ ಹೆಸರನ್ನೇ ಹೊತ್ತ ಅಪರೂಪದ ಮರವೊಂದುಂಟು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಮಾವು, ಗೇರುಗಳ ಕುಟುಂಬಕ್ಕೆ ಸೇರಿದ ಈ ಮರಕ್ಕೆ ಶಾಸ್ತ್ರಜ್ಞರು ಹೆಸರಿಟ್ಟದ್ದು 2000ನೆಯ ಇಸವಿಯಲ್ಲಿ.

ಇದು ಎಲ್ಲೆಂದರಲ್ಲಿ ಬೆಳೆಯದು. ಗುಡ್ಡಗಳ ನಡುವೆ ಹಳ್ಳ ಹರಿದು, ವರ್ಷದ ಬಹುಕಾಲ ನೆಲ ಕೆಸರಾಗಿರುವ ಜೌಗೇ ಇದಕ್ಕೆ ಬೇಕು. ಕಾಡುಜಾಯಿಕಾಯಿಯ ಜಾತಿಯ ಮರಗಳು ಅಲ್ಲಿ ಇದರ ನೆರೆಹೊರೆ. ಕೆಸರಿನೊಳಗೆ ಗಾಳಿ ಸಾಲದೆ, ಅವುಗಳಲ್ಲಿ ಕೆಲವು ಮಡಿಸಿದ ಮೊಣಕಾಲಿನಂತೆ ಬೇರನ್ನು ಮೇಲೆತ್ತಿ ಉಸಿರಾಡುತ್ತವೆ. ಅವುಗಳ ಬೀಜ ಒಣಗಿದರೆ ಸತ್ತೇಹೋಗುತ್ತದೆ. ಕೂಡಿಟ್ಟು ಮುಂದೆಂದೋ ಬಿತ್ತೋಣವೆಂದರೆ ಆಗದು. ಜೌಗು ಹೋದರೆ ಮರವೂ ಹೋಯಿತು.

ಜೌಗು ಕಡಿಮೆಯಾದದ್ದು ಹೇಗೆ? ನೀರಿರುವ ಕಣಿವೆ ಅಡಿಕೆಗೂ ಭತ್ತಕ್ಕೂ ಹೇಳಿಮಾಡಿಸಿದ ನೆಲ. ನಮ್ಮ ಹಿರಿಯರು ಹೊಟ್ಟೆಪಾಡಿಗಾಗಿ ಅಲ್ಲಿ ತೋಟ, ಗದ್ದೆ ಮಾಡಿದರು. ಅವರನ್ನು ನಾವು ಹಳಿಯಲಾರೆವು. ಆ ಅಡಿಕೆಯ ದುಡ್ಡಿನಿಂದಲೇ ಓದಿ ಈ ಊರಿಗೆ ಬಂದವರು ನಮ್ಮಲ್ಲಿಯೂ ಇದ್ದೇವೆ. ಆದರೆ ಈಗ ಉಳಿದಿರುವುದು ಅಲ್ಲೊಂದು ಇಲ್ಲೊಂದು ತುಂಡು ಮಾತ್ರ. ಮಳೆಯ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ಹಳ್ಳಕ್ಕೆ ಬಿಡುವುದೂ ಈ ಜೌಗೇ. ಅದು ಬತ್ತಿದರೆ ಕೆಳಗಿನ ತೋಟವೂ ಬಾಡೀತು.

2011ರಲ್ಲಿ ಸರಕಾರವು ಸಿಂಗಳೀಕಗಳಿಗಾಗಿ ಅಘನಾಶಿನಿ ಕಣಿವೆಯ ಕಾಡನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು. ಕತ್ತಲೆಕಾನಿಗೂ ಅದರಿಂದ ಆಸರೆಯಾಯಿತು. ಉಳಿದದ್ದು ಊರವರ ಕೈಯಲ್ಲಿದೆ. ಈ ಸಲ ರಜೆಯಲ್ಲಿ ಊರಿಗೆ ಹೋದಾಗ, ತೋಟದ ಮೇಲಣ ಜೌಗಿಗೆ ಕೊಡಲಿ, ಗುದ್ದಲಿ ತಾಗದಿರಲೆಂದು ಮನೆಯವರಿಗೆ ನಾವೇ ಒಂದು ಮಾತು ಹೇಳೋಣ.